ಇಂಗ್ಲೆಂಡಿಗೆ ಮಳೆ ಬೇಡಿದ್ದು

“ಏಯ್ ಸತೀಶಾ, ಊಟಕ್ಕೆ ಬರ್ತಿಯಾ, ಇಲ್ಲ ನಿನ್ನ ಪಾಲಿನ ಕೋಳಿ ಸಹ ನಾನೇ ತಿನ್ಲಾ?”

ಮೆಟ್ಟಿಲ ಕೆಳಗಿಂದ ನನ್ನ ರೂಮಿನ ಹಂಝ ಬೊಬ್ಬೆ ಹಾಕುವಾಗ ನಾನು ಬಿಲ್ಡಿಂಗಿನ ಟೆರೇಸಿನಲ್ಲಿ, ನೀರಿನ ಟ್ಯಾಂಕಿನ ನೆರಳಿಗೆ ಮುದುಡಿ ಕೂತು, ಮಳೆ ಬರ್ಲಿ ದೇವ್ರೇ ಅಂತ ಕೈಮುಗೀತಾ ಇದ್ದೆ. ನಾವಿರುವ ಗುದೈಬಿಯಾಕ್ಕೆ ಅಲ್ಲ. ಸೆಪ್ಟೆಂಬರ್ ತಿಂಗಳಲ್ಲಿ ಬಹ್ರೈನ್‌ಗೆ ಮಳೆ ಕೇಳುವವನನ್ನು ಸೀದಾ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಬೇಕು. ನಾನು ಕೇಳಿದ್ದು ಇಂಗ್ಲೆಂಡಿನ ಒಂದು ಊರಿಗೆ. ಆ ಊರು ನಾನು ನೋಡಿಲ್ಲ, ಇನ್ನು ನೋಡುದೂ ಇಲ್ಲ. ಮ್ಯಾಪಿನಲ್ಲಿ ತೋರಿಸು ಅಂದ್ರೆ ಸಮುದ್ರದ ಮೇಲೆ ಬೆರಳು ಇಟ್ಟೇನು. ಆ ಊರಿನ ಕೌಂಟಿ ಟೀಮಿನ ಮ್ಯಾಚ್ ಅವತ್ತು, ಅವರದ್ದೇ ಗ್ರೌಂಡಿನಲ್ಲಿ. ಮಳೆ ಬಂದ್ರೆ ಆ ಟೀಮ್ ಮುಳುಗ್ತದೆ. ನಾನು ಆ ಟೀಮಿನವ. ಆದ್ರೂ ಮಳೆ ಬರ್ಲಿ ಅಂತ ಕೇಳಿದ್ದು. ಇದು ಹೇಗೆ ಅಂತ ಹೇಳ್ತೇನೆ. ನಗು ಬಂದ್ರೆ ನಗಿ, ತೊಂದ್ರೆ ಇಲ್ಲ. ನನ್ನ ರೂಮಿನವರು ನಕ್ಕು ಆಗಿದೆ.

ನಾನು ಕರಾವಳಿಯ ಬೆಳ್ಮಣ್ ಹತ್ರದವ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟದ್ದು. ನಾನು ಬಿಟ್ಟದ್ದಾ, ಅವರು ಬಿಡ್ಸಿದ್ದಾ ಅಂತ ಈಗ ಮಾತಾಡಿ ಲಾಭ ಇಲ್ಲ. ಈಗ ಬಹ್ರೈನಿನ ಹಿದ್‌ನಲ್ಲಿ ಒಂದು ಗೋಡೌನಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುದು. ಮರದ ಹಲಗೆಗೆ ಕಟ್ಟಿದ ಸಾಮಾನನ್ನು, ಪ್ಯಾಲೆಟ್ ಅಂತಾರೆ, ಕಂಟೈನರಿನಿಂದ ಇಳಿಸುದು, ರ‍್ಯಾಕಿಗೆ ಏರಿಸುದು. ರ‍್ಯಾಕಿನಿಂದ ಇಳಿಸುದು, ಲಾರಿಗೆ ಏರಿಸುದು. ಇದ್ರಲ್ಲಿ ಚಂದ ಮಾಡಿ ಬರೀಲಿಕ್ಕೆ ಎಂತದೂ ಇಲ್ಲ. ರೂಮಿನಲ್ಲಿ ಐದು ಜನ. ಐದು ಜನಕ್ಕೆ ಐದು ಫೋನು, ಐದು ಫೋನಿನಲ್ಲಿ ಐದು ಬೇರೆ ಬೇರೆ ಬೊಬ್ಬೆ. ಅಷ್ಟು ಜನರ ಮಧ್ಯೆ ಇದ್ದು ಒಬ್ಬನಿಗೆ ಬೇಜಾರ್ ಆಗ್ತದೆ ಅಂದ್ರೆ ಯಾರೂ ನಂಬುದಿಲ್ಲ. ನಾನು ಸಹ ನಂಬ್ತಾ ಇರ್ಲಿಲ್ಲ.

ಕ್ರಿಕೆಟ್ ನನಗೆ ಹೊಸತಲ್ಲ. ಆದ್ರೆ ನಮ್ಮ ಕಡೆ ಕ್ರಿಕೆಟ್ ಅಂದ್ರೆ ಅಂಡರ್‌ಆರ್ಮ್ ಟೂರ್ನಮೆಂಟ್. ಕೊಯ್ಲು ಆದ ಗದ್ದೆಗೆ ಲೈಟ್ ಕಟ್ಟುದು, ಐದು ಓವರಿನ ಮ್ಯಾಚ್ ಆಡುದು, ಗೆದ್ದವನ ಎದೆಯವರೆಗೆ ಬರುವ ಟ್ರೋಫಿ ಕೊಡುದು. ಬೌಲರ್ ಬಾಲ್ ಕೈಯಿಂದ ಬಿಡುವ ಮೊದಲೇ ಮೈಕಿನವ ಸಿಕ್ಸ್ ಅಂತ ಕಿರುಚ್ತಾನೆ. ಮಧ್ಯದಲ್ಲಿ ‘ಕೆಂಪು ಬಣ್ಣದ ಬೈಕ್ ಯಾರದ್ದು, ದಯವಿಟ್ಟು ತೆಗೀರಿ’. ನಾನು ಎರಡು ಸಲ ಬೆಸ್ಟ್ ಫೀಲ್ಡರ್. ಪ್ರೈಜ್ ಒಂದು ಗೋಡೆ ಗಡಿಯಾರ. ಎರಡನೇ ಸಲವೂ ಗಡಿಯಾರ.

ಕೌಂಟಿ ಕ್ರಿಕೆಟ್, ಅಂದ್ರೆ ಇಂಗ್ಲೆಂಡಿನ ಜಿಲ್ಲೆ ಜಿಲ್ಲೆಗಳ ಕ್ರಿಕೆಟ್, ನಾನು ಮೊದಲು ಕೇಳಿದ್ದು ಕೀತ್ ಸಾಹೇಬ್ರ ಕ್ಯಾಬಿನಿನಲ್ಲಿ. ಅವರು ನಮ್ಮ ಗೋಡೌನಿನ ಮ್ಯಾನೇಜರ್. ಇಂಗ್ಲಿಷಿನವರು, ಅರವತ್ತರ ಹತ್ರ ಪ್ರಾಯ, ಕುತ್ತಿಗೆ ಯಾವಾಗಲೂ ಬಿಸಿಲಿಗೆ ಕೆಂಪು. ನಾನು ಗೇಟ್ ಪಾಸಿಗೆ ಸೈನ್ ಹಾಕಿಸ್ಲಿಕ್ಕೆ ಹೋಗಿದ್ದೆ. ಕಂಪ್ಯೂಟರಿನಿಂದ ಇಬ್ಬರು ಮೆಲ್ಲ ಮಾತಾಡ್ತಾ ಇದ್ರು. ಆಮೇಲೆ ನಿಂತಿತು. ಶಬ್ದವೇ ಇಲ್ಲ. ಕಂಪ್ಯೂಟರ್ ಹಾಳಾಯ್ತಾ ಅಂತ ನಾನು ಸಾಹೇಬ್ರ ಮುಖ ನೋಡಿದೆ. ಅವರು ಬೆರಳು ಎತ್ತಿ, “ತಡಿ, ಬೌಲರ್ ವಾಪಸ್ ನಡೀತಾ ಇದ್ದಾನೆ” ಅಂದ್ರು. ದೂರದಲ್ಲಿ ಎಲ್ಲೋ ಟಕ್ ಅಂತ ಕೇಳಿತು. ನಾಲ್ಕು ಜನ ಚಪ್ಪಾಳೆ ತಟ್ಟಿದ್ರು. ಮತ್ತೆ ಆ ಇಬ್ಬರು, ರೇಡಿಯೋದ ಕಾಮೆಂಟ್ರಿಯವರು, ಯಾರೋ ತಂದ ಕೇಕಿನ ಬಗ್ಗೆ ಮಾತು ಸುರು ಮಾಡಿದ್ರು.

“ಎಷ್ಟು ಓವರ್ ಸರ್?” ಕೇಳಿದೆ.

“ನಾಲ್ಕು ದಿನ,” ಅಂದ್ರು.

ನಾನು ನಗಾಡಿದೆ. ಅವರು ನಗಾಡ್ಲಿಲ್ಲ. ಅದು ತಮಾಷೆ ಅಲ್ಲ ಅಂತ ಆಗ ಗೊತ್ತಾಯ್ತು.

ಮತ್ತೆ ನಾನು ದಿನಾ ಹೋಗ್ಲಿಕ್ಕೆ ಸುರು ಮಾಡಿದೆ. ಮೊದಲು ಹೋದದ್ದು ಏಸಿಗೆ, ಸುಳ್ಳು ಯಾಕೆ ಹೇಳುದು. ಆಮೇಲೆ ಆ ಮಾತಿಗೆ. ಅರ್ಧಕ್ಕರ್ಧ ಅರ್ಥ ಆಗ್ತಿರ್ಲಿಲ್ಲ. ಆದ್ರೆ ಯಾರೋ ಮಾತಾಡ್ತಾ ಇದ್ದಾರೆ, ಬೈತಾ ಇಲ್ಲ, ಬೇಗ ಮಾಡು ಅಂತ ಹೇಳ್ತಾ ಇಲ್ಲ, ಅಷ್ಟೇ ಸಾಕಾಗ್ತಿತ್ತು. ಕೀತ್ ಸಾಹೇಬ್ರು ನನ್ನನ್ನು ಕಂಡ ಕೂಡ್ಲೇ, “ಸ್ಕೋರ್ ಎಷ್ಟು ಸತೀಶ್?” ಅಂತ ಕೇಳುದು. ಸ್ಕೋರ್ ಅವರ ಮೂಗಿನ ಎದುರೇ ಉಂಟು. ಆದ್ರೂ ನನ್ನ ಬಾಯಿಂದಲೇ ಬರ್ಬೇಕು. ನಾಲ್ಕು ವರ್ಷದಲ್ಲಿ ಆ ಗೋಡೌನಿನಲ್ಲಿ ‘ಎಷ್ಟು ಪ್ಯಾಲೆಟ್ ಆಯ್ತು’ ಅನ್ನುದು ಬಿಟ್ಟು ಬೇರೆ ಎಂತಾದ್ರೂ ನನ್ನ ಹತ್ರ ಕೇಳಿದ್ದು ಅವರೊಬ್ಬರೇ. ಅವರ ಊರಿನ ಟೀಮ್ ಮಾತ್ರ ಭಯಂಕರ ದರಿದ್ರದ್ದು. ಅವರೇ ಹೇಳ್ತಿದ್ರು, “ನನ್ನ ಅಪ್ಪ ಇವರನ್ನು ನೋಡಿ ನೋಡಿ ಮುದುಕ ಆದ. ಈಗ ನಾನು.” ರಿಟೈರ್ ಆದ ಮೇಲೆ ಎಂತ ಮಾಡ್ತೀರಿ ಅಂತ ಒಂದು ಸಲ ಕೇಳಿದೆ. “ಗ್ರೌಂಡಿಗೆ ಹೋಗಿ ಅಪ್ಪ ಕೂತ ಜಾಗದಲ್ಲಿ ಕೂರುದು. ಒಂದು ಕಿವಿಗೆ ರೇಡಿಯೋ. ಇದೇ ಇಬ್ಬರು,” ಅಂದ್ರು. ಎದುರಿಗೆ ಮ್ಯಾಚ್ ನಡೀತಾ ಇರುವಾಗ ರೇಡಿಯೋ ಯಾಕೆ ಅಂದ್ರೆ, “ಔಟ್ ಆದದ್ದು ಗೊತ್ತಾಗ್ಬೇಕಲ್ಲ, ನಾನು ನಿದ್ರೆ ಮಾಡಿರ್ತೇನೆ.”

ಆ ವರ್ಷ ತಂಗಿಯ ಮದುವೆಗೆ ನಾನು ಎರಡು ತಿಂಗಳು ಊರಿಗೆ ಹೋದೆ. ವಾಪಸ್ ಬಂದು ಗೇಟ್ ಪಾಸ್ ಹಿಡ್ಕೊಂಡು ಕ್ಯಾಬಿನಿಗೆ ಹೋದ್ರೆ ಬೇರೆ ಯಾರೋ ಕೂತಿದ್ದಾರೆ. ಕೀತ್ ಸಾಹೇಬ್ರು ರಿಟೈರ್ ಆಗಿ ಅವರ ಊರಿಗೆ ಹೋಗಿ ಮೂರು ವಾರ ಆಗಿತ್ತು. ಅವರ ನಂಬರ್ ಕಂಪನಿಯದ್ದು, ಬಂದ್ ಆಗಿದೆ. ಮೇಲ್ ಸಹ ಕಂಪನಿಯದ್ದು, ಅದೂ ಬಂದ್. ಹೊಸ ಮ್ಯಾನೇಜರ್ ಒಳ್ಳೆಯವರೇ. ಆದ್ರೆ ಅವರ ಕ್ಯಾಬಿನಿನಲ್ಲಿ ರೇಡಿಯೋ ಇಲ್ಲ, ರೂಮ್ ಫ್ರೆಶ್ನರ್ ಉಂಟು. ಪಾಸ್ ಕೊಟ್ಟೆ, ಸೈನ್ ಹಾಕಿದ್ರು, ನಾನು ಬಂದೆ. ಮುಗೀತು.

ಒಂದು ಬಾಯ್ ಹೇಳ್ಲಿಕ್ಕೆ ಆಗ್ಲಿಲ್ಲ. ಇದು ದೊಡ್ಡ ಸಂಗತಿ ಅಲ್ಲ. ಗಲ್ಫಿನಲ್ಲಿ ಜನ ಬರ್ತಾರೆ, ಹೋಗ್ತಾರೆ. ಆದ್ರೆ ನನಗೆ ಅದು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಮೀನಿನ ಮುಳ್ಳಿನ ಹಾಗೆ ಕೂತಿತು.

ಆಮೇಲೆ ನನ್ನ ಫೋನಿನಲ್ಲಿಯೇ ಆ ರೇಡಿಯೋ ಹುಡುಕಿ ಹಾಕಿದೆ. ಹೆಲ್ಮೆಟಿನ ಒಳಗೆ ಒಂದು ಕಿವಿಗೆ ಇಯರ್‌ಫೋನ್. ಸೇಫ್ಟಿಯವರಿಗೆ ಗೊತ್ತಾದ್ರೆ ವಾರ್ನಿಂಗ್ ಲೆಟರ್. ಹಾಗೆ ಕೇಳ್ತಾ ಕೇಳ್ತಾ ಒಂದು ಸಂಗತಿ ಗೊತ್ತಾಯ್ತು. ಜನ ಕಳಿಸಿದ ಮೇಲ್ ಆ ಇಬ್ಬರು ಓದ್ತಾರೆ. ಆದ್ರೆ ಆಟ ನಡೀವಾಗ ಓದುದಿಲ್ಲ, ಮಳೆ ಬಂದು ಆಟ ನಿಂತಾಗ ಮಾತ್ರ. ನನಗೆ ತಲೆಗೆ ಹೊಳೀತು. ಕೀತ್ ಸಾಹೇಬ್ರು ಗ್ರೌಂಡಿನಲ್ಲಿ ಇರ್ತಾರೆ, ಕಿವಿಯಲ್ಲಿ ಇವರೇ ಇರ್ತಾರೆ. ಇವರು ನನ್ನ ಮೇಲ್ ಓದಿದ್ರೆ ಸೀದಾ ಆ ಕಿವಿಗೆ ಹೋಗ್ತದೆ.

ಸೀಸನ್ನಿನ ಕೊನೇ ಮ್ಯಾಚ್ ಅವರ ಹೋಮ್ ಗ್ರೌಂಡಿನಲ್ಲಿ, ಮಂಗಳವಾರದಿಂದ ಶುಕ್ರವಾರ. ಗೆದ್ರೆ ಮೇಲಿನ ಡಿವಿಜನ್‌ನಲ್ಲಿ ಉಳೀತಾರೆ. ಡ್ರಾ ಆದ್ರೂ ಸೋತ್ರೂ ಕೆಳಗಿನದ್ದಕ್ಕೆ. ನಾಲ್ಕೂ ದಿನ ಮಳೆ ಬರುವ ಹಾಗೆ ಉಂಟು ಅಂತ ರೇಡಿಯೋದವರು ಹೇಳಿದ್ರು. ನಾನು ಸೋಮವಾರ ಸಂಜೆ ಕೂತು ಇಂಗ್ಲಿಷಿನಲ್ಲಿ ಮೇಲ್ ಬರ್ದೆ. ಯಾರ ಸಹಾಯವೂ ತಗೊಳ್ಳಿಲ್ಲ, ತಗೊಂಡ್ರೆ ರೂಮಿಡೀ ಗೊತ್ತಾಗ್ತದೆ. ಅದು ಕನ್ನಡದಲ್ಲಿ ಇಷ್ಟೇ: ‘ಸರ್, ನಾನು ಬಹ್ರೈನ್‌ನಿಂದ ಸತೀಶ, ಫೋರ್ಕ್‌ಲಿಫ್ಟ್. ಕೀತ್ ಸರ್ ನಿಮ್ಮ ಗ್ರೌಂಡಿನಲ್ಲಿ ಇದ್ದಾರೆ. ಅವರು ಹೋಗುವಾಗ ನಾನು ಇರ್ಲಿಲ್ಲ. ಅವರಿಗೆ ಬಾಯ್ ಹೇಳಿ. ಮಳೆ ಬಂದಾಗ ಓದಿ. ನಾನು ಮಳೆಗೆ ಕಾಯ್ತಾ ಇದ್ದೇನೆ.’

ಮಂಗಳವಾರ ಮೋಡ ಮೋಡ ಅಂತ ದಿನ ಇಡೀ ಹೇಳಿದ್ರು, ಒಂದು ಹನಿ ಬೀಳ್ಲಿಲ್ಲ. ಮೇಲ್ ಹೋಗಿದೆಯಾ ಇಲ್ಲವಾ ಅಂತ ಸಂಶಯ ಬಂದು ಇನ್ನೊಂದು ಸಲ ಕಳಿಸಿದೆ. ಬುಧವಾರ ಹತ್ತು ನಿಮಿಷ ಪಿರಿಪಿರಿ ಮಳೆ. ನಾನು ಫೋರ್ಕ್‌ಲಿಫ್ಟ್ ನಿಲ್ಲಿಸಿ, ಒಂದು ಪ್ಯಾಲೆಟ್ ಟೈಲ್ಸ್ ಗಾಳಿಯಲ್ಲೇ ಬಿಟ್ಟು ಕಿವಿ ಕೊಟ್ಟೆ. ಯಾರೋ ಒಬ್ರು ಅಜ್ಜಿ ಕೇಕಿಗೆ ಎಷ್ಟು ಮೊಟ್ಟೆ ಹಾಕ್ಬೇಕು ಅಂತ ಬರ್ದಿದ್ರು. ಆ ಮೊಟ್ಟೆಯ ಮೇಲೆ ಇಬ್ಬರೂ ಎಂಟು ನಿಮಿಷ ಮಾತಾಡಿದ್ರು. ಅಷ್ಟರಲ್ಲಿ ಅಂಪೈರ್‌ಗಳು ಹೊರಗೆ ಬಂದ್ರು. ಆ ಅಜ್ಜಿಗೆ ನಾನು ಮನಸ್ಸಿನಲ್ಲಿ ಹೇಳಿದ್ದು ಇಲ್ಲಿ ಬರೀಲಿಕ್ಕೆ ಆಗುದಿಲ್ಲ. ಮೇಲ್ ಮತ್ತೆ ಎರಡು ಸಲ ಕಳಿಸಿದೆ. ಗುರುವಾರ ಅಲ್ಲಿ ಪಳಪಳ ಬಿಸಿಲು, ಆದ್ರೂ ಇನ್ನು ಮೂರು ಸಲ ಕಳಿಸಿದೆ. ನಮ್ಮವರು ಲಾಯ್ಕ್ ಆಡಿದ್ರು. ಶುಕ್ರವಾರ ಎದುರಿನವರ ಹತ್ತು ವಿಕೆಟ್ ತೆಗೆದ್ರೆ ಗೆದ್ದ ಹಾಗೆ.

ಹಾಗೆ ಶುಕ್ರವಾರ ರಜೆ ದಿನ ನಾನು ಟೆರೇಸ್ ಹತ್ತಿದ್ದು. ರೂಮಿನಲ್ಲಿ ನೆಟ್ ಎಳೀತದೆ, ಮೇಲೆ ಸರಿ ಬರ್ತದೆ. ಹಂಝ ಉಳ್ಳಾಲದವ, ಕೆಫೆಟೇರಿಯಾದಲ್ಲಿ ಸ್ಯಾಂಡ್‌ವಿಚ್ ಮಾಡುದು. ಜುಮಾ ನಮಾಜು ಮುಗಿಸಿ ಬಂದು ಐದೂ ಜನಕ್ಕೆ ತುಪ್ಪದನ್ನ, ಕೋಳಿ ಮಾಡಿದ್ದ. ನಾನು ಇಳಿಯದೆ ಇದ್ದದ್ದು ನೋಡಿ ಅವನೇ ಪ್ಲೇಟ್ ಹಿಡ್ಕೊಂಡು ಮೇಲೆ ಬಂದ.

“ಇದು ಯಾವ ಮ್ಯಾಚ್ ಮಾರಾಯಾ? ಇಂಡಿಯಾ ಉಂಟಾ?”

“ಇಲ್ಲ.”

“ನಮ್ಮವರು ಯಾರಾದ್ರೂ ಆಡ್ತಾರಾ?”

“ಇಲ್ಲ.”

“ಮತ್ತೆ ಇದು ನಿನ್ನ ಅಜ್ಜನ ಟೀಮಾ?”

ಒಂದು ಇಯರ್‌ಫೋನ್ ಅವನ ಕಿವಿಗೆ ಸಿಕ್ಕಿಸಿದೆ. ಸ್ವಲ್ಪ ಕೇಳಿದ. “ಯಾರೋ ಸತ್ತ ಮನೆಯಲ್ಲಿ ಮಾತಾಡಿದ ಹಾಗೆ ಉಂಟು,” ಅಂದ. ಅಷ್ಟರಲ್ಲಿ ಒಂದು ವಿಕೆಟ್ ಬಿತ್ತು. ನಾನು ಕೂತಲ್ಲಿಂದ ಹಾರಿದೆ. ಅದರ ಹಿಂದೆಯೇ, ಗ್ರೌಂಡಿನ ಪಕ್ಕದ ಚರ್ಚಿನ ಕಡೆ ಕಪ್ಪು ಮೋಡ ಕಾಣ್ತದೆ ಅಂತ ರೇಡಿಯೋದವರು ಹೇಳಿದ್ರು. ನಾನು ಮತ್ತೂ ಹಾರಿದೆ.

ಹಂಝ ನನ್ನನ್ನೇ ನೋಡಿದ. “ಮೋಡ ಬಂದ್ರೆ ಒಳ್ಳೇದಾ?”

“ಅಲ್ಲ. ಮಳೆ ಬಂದ್ರೆ ನಾವು ಗೆಲ್ಲುದಿಲ್ಲ.”

“ಮತ್ತೆ ಎಂತಕೆ ಕುಣಿಯುದು?”

“ಮಳೆ ಬರ್ಬೇಕು.”

“ನೀನು ಮೊದಲು ಅನ್ನ ತಿನ್ನು. ಬಿಸಿಲು ತಲೆಗೆ ಹೋಗಿದೆ,” ಅಂತ ಹೇಳಿ ಪ್ಲೇಟ್ ನನ್ನ ಮಡಿಲಿಗೆ ಇಟ್ಟ. ನಾಲ್ಕು ಗಂಟೆಗೆ ಮತ್ತೆ ಬಂದು ಕರ್ದ. ಎಲ್ಲರೂ ಮುಹರ್ರಕ್ ಪೇಟೆ ಕಡೆ ಹೋಗ್ತಾ ಇದ್ರು. “ಬಾ ಮಾರಾಯಾ, ನಾಲ್ಕು ಜನ ಮನುಷ್ಯರನ್ನು ನೋಡುವ.” ನೀವು ಹೋಗಿ ಅಂದೆ. ಅವನು ಇನ್ನೊಂದು ಸಲ ಕರೀತಾನೆ ಅಂತ ಅಂದಾಜು ಮಾಡಿದ್ದೆ. ಕರೀಲಿಲ್ಲ, ಹೋದ.

ಆರು ವಿಕೆಟ್ ಆಯ್ತು, ಏಳು ಆಯ್ತು. ನಿಜ ಹೇಳ್ತೇನೆ, ಎಂಟನೇದು ಬಿದ್ದಾಗ ನನಗೆ ಹೆದರಿಕೆ ಆಯ್ತು, ಗೆದ್ದು ಬಿಡ್ತಾರಲ್ಲ ಅಂತ. ಗೆದ್ರೆ ಚಪ್ಪಾಳೆ, ಕೈಕುಲುಕುದು, ಸೀಸನ್ ಮುಗೀತು, ಇಬ್ಬರೂ ಬಾಗಿಲು ಹಾಕಿ ಮನೆಗೆ. ನನ್ನ ಮೇಲ್ ಹಾಗೆಯೇ ಇರ್ತದೆ. ಕೀತ್ ಸಾಹೇಬ್ರು ಖುಷಿಯಲ್ಲಿ ಮನೆಗೆ ಹೋಗ್ತಾರೆ, ಸತೀಶ ಅಂತ ಒಬ್ಬ ಇದ್ದದ್ದೇ ನೆನಪು ಇರುದಿಲ್ಲ. ಅವರು ಹುಟ್ಟಿದಾಗಿನಿಂದ ಕಾದ ಟೀಮ್ ಉಳಿಯುದು ಒಂದು ಕಡೆ, ನನ್ನ ಬಾಯ್ ಇನ್ನೊಂದು ಕಡೆ. ನಾನು ಯಾವುದಕ್ಕೆ ಕೈಮುಗಿದದ್ದು ಅಂತ ಮೊದಲೇ ಹೇಳಿದ್ದೇನೆ.

ಮಳೆ ಬಂತು. ಪಿರಿಪಿರಿ ಅಲ್ಲ, ಸರಿಯಾದ ಮಳೆ. ರೇಡಿಯೋದಲ್ಲಿ ಆ ಶಬ್ದ ಕೇಳಿತು. ನಾಲ್ಕು ವರ್ಷದಲ್ಲಿ ನಾನು ಬಹ್ರೈನಿನಲ್ಲಿ ಅಷ್ಟು ಮಳೆ ಕೇಳಿದ್ದೇ ಇಲ್ಲ. ಎರಡು ವಿಕೆಟ್ ಬಾಕಿ. ಅಂಪೈರ್‌ಗಳು ಆಟ ನಿಲ್ಲಿಸಿದ್ರು ಅಂತ ಇಬ್ಬರೂ ಹೇಳಿದ್ರು. ಆಮೇಲೆ ಒಬ್ಬರು, “ಸರಿ, ಮೇಲ್ ನೋಡುವ,” ಅಂದ್ರು. ಮತ್ತೆ ಒಂದು ರೀತಿ ನಕ್ಕರು. “ಇಲ್ಲಿ ಬಹ್ರೈನ್‌ನಿಂದ ಒಬ್ಬ ಇದ್ದಾನೆ. ಸತೀಶ್. ಒಂದೇ ಮೇಲ್ ಏಳು ಸಲ ಕಳಿಸಿದ್ದಾನೆ. ಏಳು ಸಲವೂ ‘ನಾನು ಮಳೆಗೆ ಕಾಯ್ತಾ ಇದ್ದೇನೆ’ ಅಂತ ಬರ್ದಿದ್ದಾನೆ.”

ಇನ್ನೊಬ್ಬರು ಕೇಳಿದ್ರು, “ಓ, ಹಾಗಾದ್ರೆ ಇದು ಇವನ ಕೆಲಸ?”

ನಾಲ್ಕು ದಿನ ಅದನ್ನು ಕಳಿಸುವಾಗ, ಮಳೆಗೆ ಟೀಮ್ ಮುಳುಗುವ ಹೊತ್ತಿಗೇ ಅದನ್ನು ಓದಿ ಹೇಳುದು ಅಂತ ಒಂದು ಸಲವೂ ನನ್ನ ಮಂಡೆಗೆ ಹೋಗಿರ್ಲಿಲ್ಲ. ಇಡೀ ಕೌಂಟಿಗೆ ಈಗ ಗೊತ್ತಾಯ್ತು, ಮುಳುಗಿಸಿದವ ಯಾರು ಅಂತ. ಆಮೇಲೆ ಅವರು ಪೂರ್ತಿ ಓದಿದ್ರು. ಫೋರ್ಕ್‌ಲಿಫ್ಟ್ ಅಂತ ಸಹ ಓದಿದ್ರು. ಬಾಯ್ ಹೇಳಿ ಅನ್ನುವಲ್ಲಿ ಸ್ವಲ್ಪ ನಿಧಾನ ಮಾಡಿದ್ರು.

“ಕೀತ್, ನೀವು ಕೇಳ್ತಾ ಇದ್ರೆ ಒಂದು ಕೈ ಎತ್ತಿ,” ಅಂದ್ರು. ಕಿಟಕಿಯಿಂದ ನೋಡಿರ್ಬೇಕು. “ಎದುರಿನ ಸ್ಟ್ಯಾಂಡಿನಲ್ಲಿ ಆರೇಳು ಜನ ಇದ್ದಾರೆ ಅಷ್ಟೇ. ಬಾಕಿ ಎಲ್ಲ ಓಡಿ ಆಯ್ತು. ಹಾ, ಒಬ್ಬರು ಕೈ ಎತ್ತಿದ್ರು! ಅಲ್ಲ... ಕೊಡೆ ಬಿಡಿಸುದಾ ಅಂತ.” ಇನ್ನೊಬ್ಬರು ಕೊಡೆಯೇ ಅಂದ್ರು. ಮೊದಲನೆಯವರು, “ಇಲ್ಲ, ಕೈ ಅಂತ ಕಾಣ್ತದೆ,” ಅಂದ್ರು. ಇಬ್ಬರಿಗೂ ಸರಿ ಗೊತ್ತಾಗ್ಲಿಲ್ಲ. ಅಷ್ಟರಲ್ಲಿ ಬೇರೆ ಯಾರದೋ ಮೇಲ್ ತೆಗೆದ್ರು, ಅದು ನಾಯಿಯ ವಿಷಯ.

ನಾನು ಎದ್ದು ನಿಂತು ಕೈ ಎತ್ತಿದೆ. ತುಂಬ ಹೊತ್ತು ಹಾಗೆಯೇ ನಿಂತೆ. ಬಟ್ಟೆ ತೆಗೀಲಿಕ್ಕೆ ಬಂದ ಮೂರನೇ ಮಾಳಿಗೆಯ ಹೆಂಗಸು ಹಿಂದೆ ತಿರುಗಿ ನೋಡಿದ್ಲು, ಯಾರಿಗೆ ಅಂತ. ಯಾರೂ ಇರ್ಲಿಲ್ಲ. ಅರ್ಧ ಬಟ್ಟೆ ಅಲ್ಲೇ ಬಿಟ್ಟು ಇಳಿದು ಹೋದ್ಲು.

ಮ್ಯಾಚ್ ಡ್ರಾ ಆಯ್ತು, ಟೀಮ್ ಕೆಳಗೆ ಹೋಯ್ತು. ಹಂಝ ಬಂದು ಕೇಳಿದ, “ಗೆದ್ರಾ?” ನಾನು ಹೌದು ಅಂದೆ. ಆ ಸ್ಟ್ಯಾಂಡಿನಲ್ಲಿ ಎತ್ತಿದ್ದು ಕೈಯೇ. ಕೊಡೆ ಅಲ್ಲ. ಇದ್ರ ಮೇಲೆ ನನಗೆ ಹೇಳ್ಲಿಕ್ಕೆ ಎಂತದೂ ಇಲ್ಲ.