ಮಿಲೋಯ್ಕಾಳಿಗೆ ಹಾಕಿದ ಬೆಳಕು

ದೆಸಾಂಕಾ: ಬದುಕಿರೋಳನ್ನ ಮೇಲಕ್ಕೆ ಕಳಿಸಿಬಿಟ್ಟಿದ್ದೀಯಲ್ಲೋ, ನಿನಗೆ ಕಣ್ಣಿದೆಯೋ ಇಲ್ವೋ?

ವುಕಾಶಿನ್: ಎಲ್ಲಿಗೂ ಕಳಿಸಿಲ್ಲ ಅಜ್ಜಿ. ಮುಖಕ್ಕೆ ಸ್ವಲ್ಪ ಬೆಳಕು ಹಾಕಿದ್ದೀನಿ, ಅಷ್ಟೆ.

ಪೊಜೆಗಾ ಊರಿನಲ್ಲಿ ಮದುವೆಗೂ ಸತ್ತವರ ನಲವತ್ತನೇ ದಿನದ ಸ್ಮರಣೆಗೂ ವಿಡಿಯೊ ಮಾಡಿಕೊಡುವವನು ವುಕಾಶಿನ್ ಒಬ್ಬನೇ. ತಾನು ದೊಡ್ಡ ಕಲಾವಿದ ಎಂಬ ನಂಬಿಕೆ ಅವನದು, ಊರಿನವರದ್ದಲ್ಲ. ಒಮ್ಮೆ ತಿಣುಕಿ ಮಾಡಿದ ಎಫೆಕ್ಟಿಗೆ ಹೆಸರಿಟ್ಟು ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳುವುದು, ಆಮೇಲೆ ಒಂದೇ ಗುಂಡಿ ಒತ್ತಿ ಸಿಕ್ಕಸಿಕ್ಕವರಿಗೆಲ್ಲ ಹಾಕುವುದು, ಇದೇ ಅವನ ಕಲೆ. ಹಾಗಾಗಿ ಮೊಮ್ಮಗಳು ಯೆಫಿಮಿಯಾಳ ಮದುವೆಯಲ್ಲಿ ಎಲ್ಲರ ಕೈಹಿಡಿದು ಕೊಲೊ ಕುಣಿಯುತ್ತಿದ್ದ ದೆಸಾಂಕಾ ಅಜ್ಜಿ, ಪರದೆಯ ಮೇಲೆ ಇದ್ದಕ್ಕಿದ್ದಂತೆ ಕಪ್ಪುಬಿಳುಪಾಗಿ, ಎರಡು ಪಾರಿವಾಳಗಳ ನಡುವೆ ಮೆಲ್ಲಗೆ ಮೇಲೇರಿ ಬೆಳಕಿನಲ್ಲಿ ಮರೆಯಾಗಿದ್ದಳು.

ದೆಸಾಂಕಾ: ಭಾನುವಾರ ಬೀಗರ ಮನೇಲಿ ಎಲ್ಲರೂ ಕೂತು ಇದನ್ನ ನೋಡ್ತಾರೆ. ನಾನೂ ಅಲ್ಲೇ ಊಟಕ್ಕೆ ಕೂತಿರ್ತೀನಿ. ಅವರು ನನಗೆ ಬಡಿಸ್ಬೇಕೋ, ನನ್ನ ಹೆಸರಲ್ಲಿ ಮೇಣದಬತ್ತಿ ಹಚ್ಬೇಕೋ?

ವುಕಾಶಿನ್: ಇದಕ್ಕೆ 'ಅಜ್ಜಿ' ಅಂತ ಹೆಸರಿಟ್ಟಿದ್ದೆ. ನೀವೂ ಅಜ್ಜಿನೇ ಅಲ್ವಾ ಅಂತ ಒತ್ತಿದೆ.

ದೆಸಾಂಕಾ: ಮೊದಲು ಯಾವ ಅಜ್ಜಿಗೆ ಮಾಡಿದ್ದು?

ವುಕಾಶಿನ್: ಮಿಲೋಯ್ಕಾ ಅವರ ನಲವತ್ತನೇ ದಿನಕ್ಕೆ.

ಇಷ್ಟು ಹೊತ್ತು ಅಜ್ಜಿಗೆ ಬಂದದ್ದು ಸಿಟ್ಟೇ ಅಲ್ಲ ಎಂಬುದು ವುಕಾಶಿನ್‌ಗೆ ಆಗ ತಿಳಿಯಿತು.

ದೆಸಾಂಕಾ: ಬೇಲಿ ಸರಿಸಿ ಸರಿಸಿ ನನ್ನ ಪ್ಲಮ್ ತೋಟ ನುಂಗಿದೋಳು ಅವಳು. ನನ್ನ ಸಾಯಿಸಿದ್ದನ್ನಾದ್ರೂ ಕ್ಷಮಿಸ್ತಿದ್ದೆ ಕಣೋ. ಅವಳು ಹಾಕ್ಕೊಂಡು ಬಿಟ್ಟ ಬೆಳಕನ್ನ ನನಗೆ ಹಾಕಿದ್ದೀಯಾ? ಊರವರೆಲ್ಲರ ಹಾಗೆ ನಾನೂ ಬದುಕಿರುವಾಗ್ಲೇ ನನ್ನ ಗೋರಿಕಲ್ಲು ಫೋಟೊ ಸಮೇತ ನಿಲ್ಲಿಸಿ ಹತ್ತು ವರ್ಷ ಆಯ್ತು, ಸತ್ತ ವರ್ಷ ಕೆತ್ತೋದೊಂದೇ ಬಾಕಿ. ಅದನ್ನೂ ನಾನು ಯಾರದ್ದೋ ತಂದು ನೆಟ್ಟಿಲ್ಲ.

ವುಕಾಶಿನ್: ಇದೇನು ಬಟ್ಟೆನಾ ಅಜ್ಜಿ, ಹಳತಾಗೋಕೆ? ಉಳಿಸಿಟ್ಟದ್ದನ್ನ ನೂರು ಸಲ ಹಾಕಿದ್ರೂ ಸವೆಯಲ್ಲ.

ದೆಸಾಂಕಾ: ನಿನ್ನ ನಾಚಿಕೆನೂ ಹಾಗೇ ಉಳಿಸಿಟ್ಟಿದ್ದೀಯ, ಒಂದು ಸಲಾನೂ ಬಳಸಿಲ್ಲ. ಹೊಸದು ಮಾಡು.

ಅಜ್ಜಿ ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲೇ ಕೂತಳು. ಪಾರಿವಾಳ ಬೇಡ, ನನ್ನ ಕೋಳಿಗಳಿರಲಿ ಎಂದಳು. ಆಕಾಶ ಬೇಡ, ಹೂಬಿಟ್ಟ ಪ್ಲಮ್ ಮರ ಇರಲಿ, ಮೇಲೇರಿಸಬೇಡ, ನನಗೆ ತಲೆ ತಿರುಗುತ್ತದೆ, ನಡೆಸಿಕೊಂಡೇ ಹೋಗು ಎಂದಳು. ಮಹಾ ಕಲಾವಿದ ಬೆವರು ಒರೆಸಿಕೊಳ್ಳುತ್ತ ಎರಡು ಗಂಟೆ ಹೆಣಗಿದ. ಮುಗಿದದ್ದನ್ನು ಅಜ್ಜಿ ಎರಡು ಸಲ ನೋಡಿದಳು. ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡಳು.

ದೆಸಾಂಕಾ: ಚೆನ್ನಾಗಿದೆ. ಆದ್ರೆ ಮದುವೆಗೆ ಇದು ಬೇಡ. ಅಲ್ಲಿ ನಾನು ಸುಮ್ನೆ ಕುಣೀತಾ ಇರ್ತೀನಿ.

ವುಕಾಶಿನ್: ಮತ್ತೆ ಎರಡು ಗಂಟೆ ಯಾಕೆ ನನ್ನ ಜೀವ ತಿಂದ್ರಿ?

ದೆಸಾಂಕಾ: ನನ್ನ ಹೆಸರಲ್ಲಿ ಉಳಿಸಿಡು. ನನ್ನ ನಲವತ್ತನೇ ದಿನಕ್ಕೆ ಹಾಕು. ಬೇರೆ ಯಾರಿಗಾದ್ರೂ ಹಾಕಿದೆಯೋ, ಹುಷಾರ್.

ವುಕಾಶಿನ್: ನೀವು ಹೋದ್ಮೇಲೆ ಸತ್ತೋರಿಗೆಲ್ಲ ಹಾಕ್ತೀನಿ. ನಿಮಗೆ ಹೇಗೆ ಗೊತ್ತಾಗುತ್ತೆ?

ದೆಸಾಂಕಾ: ಯಾರ್ಯಾರಿಗೆ ಹಾಕ್ತೀಯೋ, ಅವರೇ ಬಂದು ಹೇಳ್ತಾರೆ ಬಿಡು.