ಮಂಚದ ಕೋಟೆಯಲ್ಲಿ ಬಂದಿಯಾದ ತೇಜಸ್ವಿನಿಯ ಪರವಾಗಿ

ತಿಲಕ್ ನಗರ, ಮೇ ೧೯೯೭

ಟಿ.ವಿ. ಗೇಮ್ ತಯಾರಿಸುವ ದೂರದೇಶದ ಮಾನ್ಯರೇ,

ತಮಗೂ ತಮ್ಮ ಕಾರ್ಖಾನೆಗೂ ಅಲ್ಲಿ ಹುಟ್ಟುವ ಹೊಂಗೂದಲಿನ ವೀರನಿಗೂ ನನ್ನ ನಮಸ್ಕಾರಗಳು. ಈ ಕಥೆಯನ್ನು ನನಗೆ ಮೊದಲು ಹೇಳಿದವಳು ಮೊಮ್ಮಗಳು ತೇಜಸ್ವಿನಿ. ಹೋದ ಭಾನುವಾರ, ತಟ್ಟೆಯ ಅನ್ನ ಮುಟ್ಟದೆ, ಮೂಗು ಒರೆಸಿಕೊಳ್ಳುತ್ತಾ.

ಬೇಸಿಗೆ ರಜೆಯಲ್ಲಿ ಅವಳ ಅಣ್ಣ ದೇವರಾಜನೂ ಅವನ ಗೆಳೆಯರೂ ನಮ್ಮ ಟಿ.ವಿ.ಯಲ್ಲಿ ತಾವು ತಯಾರಿಸಿದ ಆಟ ಆಡುತ್ತಾರೆ. ಎಷ್ಟು ಕ್ಯಾಸೆಟ್ ಬದಲಿಸಿದರೂ ಓಡುವವನು ಬಿಳಿಯ ಗಂಡಸು, ಕೋಟೆಯಲ್ಲಿ ಬಂದಿಯಾದವಳು ಹೆಣ್ಣು, ಕತ್ತಿ ಹಿಡಿದು ಅಡ್ಡ ಬರುವವನು ಕಪ್ಪು ಮೈಯವನು. ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆ ಕಂಡ ಮೇಲೆ ನಮ್ಮ ಹುಡುಗರೂ ಅದನ್ನು ಚಾಚೂ ತಪ್ಪದೆ ಪಾಲಿಸಿದರು. ತೇಜಸ್ವಿನಿ ತನ್ನ ಸರದಿ ಕೇಳಿದಾಗ ದೇವರಾಜ, "ಲೇ, ನೀನು ರಾಜಕುಮಾರಿ ಕಣೇ. ಮಂಚದ ಮೇಲೆ ಕೂತ್ಕೋ, ನಾವ್ ಬಂದು ಬಿಡಿಸ್ತೀವಿ" ಎಂದನಂತೆ. ಬಾದಾಮಿ ಕಡೆಯಿಂದ ಬಂದು ಎದುರುಮನೆಯಲ್ಲಿ ಬಾಡಿಗೆಗಿರುವವರ ಮಗ ಮೌನೇಶನಿಗೆ, "ಮಗಾ, ನಿನ್ ಕಲರ್‌ಗೆ ರಾಕ್ಷಸಾನೇ ಸಖತ್" ಎಂದು ಅವಳನ್ನು ಕಾಯುವ ಕೆಲಸ ಕೊಟ್ಟರಂತೆ. "ನಾನ ಯಾಕ ರಾಕ್ಷಸ ಆಗಬೇಕ್ರೋ?" ಎಂದು ಗೊಣಗುತ್ತಲೇ ಅವನು ಕಾದ. ವೀರರು ಮಾತ್ರ ಟಿ.ವಿ.ಯೊಳಗಿನ ಹೊಂಡಕ್ಕೆ ಬೀಳುತ್ತಲೇ ಇದ್ದರು. ಬಿಡಿಸಲು ಯಾರೂ ಬರಲಿಲ್ಲ. ಹೀಗಾದರೆ ರಜೆ ಮುಗಿಯುವವರೆಗೂ ಆ ಇಬ್ಬರ ಕೈಗೆ ಆಟ ಸಿಕ್ಕುವುದಿಲ್ಲ ಎಂಬುದೇ ನನ್ನ ದೂರು.

ತಮ್ಮ ಮೇಲೆ ಕೋಪವೇನಿಲ್ಲ. ಕನ್ನಡಿಯೊಂದನ್ನೇ ನೋಡಿಕೊಂಡು ಚಿತ್ರ ಬರೆಯುವವರಿಗೆ ಬೇರೆ ಮುಖ ಹೊಳೆಯುವುದಾದರೂ ಹೇಗೆ? ನಮ್ಮೂರಿನಲ್ಲಿ ಕಥೆ ಹೇಳುವವರಿಗೊಂದು ಪದ್ಧತಿಯಿತ್ತು: ಎದುರು ಕೂತು ಹೂಂಗುಟ್ಟುವ ಮಗುವಿನ ಹೆಸರನ್ನೇ ಕಥೆಯ ವೀರನಿಗೆ ಇಡುವುದು. ಹೂಂಗುಟ್ಟಿದವಳು ಸಪ್ಪಲಮ್ಮನಾದರೆ ಸಪ್ಪಲಮ್ಮನೇ ಕುದುರೆ ಹತ್ತಿ ಏಳು ಸಮುದ್ರ ದಾಟುತ್ತಿದ್ದಳು. ಕುದುರೆ ಎಂದೂ ತಕರಾರು ತೆಗೆಯಲಿಲ್ಲ. ಆದ್ದರಿಂದ ತಾವು ದಯಮಾಡಿ ಟಿ.ವಿ.ಯ ಒಳಗಿನಿಂದ ಹೊರಗೆ ಇಣುಕಿ, ಮುಂದೆ ಕೂತವರು ಯಾರೆಂದು ನೋಡಿ, ಎರಡು ಜಡೆಯ ವೀರೆಯನ್ನೋ ಮೌನೇಶನ ಬಣ್ಣದ ರಾಜಕುಮಾರನನ್ನೋ ಆಗಿಂದಾಗಲೇ ಬರೆದುಕೊಡಬೇಕು. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿದರೆ ಓಟಕ್ಕೆ ತೊಡಕಾಗದು, ಆ ಚಿಂತೆ ತಮಗೆ ಬೇಡ.

ತಮ್ಮ ವಿಶ್ವಾಸಿ,
ಕೆಂಪಕ್ಕ

ಮರೆತ ಮಾತು: ತಮ್ಮ ಉತ್ತರ ತಡವಾದೀತೆಂದು ನಿನ್ನೆ ಸಂಜೆ ಮಕ್ಕಳನ್ನೆಲ್ಲ ಕೂರಿಸಿಕೊಂಡು ತಮ್ಮ ಆಟದ ಕಥೆಯನ್ನೇ ಹೇಳಿದೆ. ಹೂಂಗುಟ್ಟಿದವರು ತೇಜಸ್ವಿನಿ ಮತ್ತು ಮೌನೇಶ. ಹಾಗಾಗಿ ಕುದುರೆ ಹತ್ತಿದವರು ಅವರಿಬ್ಬರು, ಕೋಟೆಯಲ್ಲಿ ಸಿಕ್ಕಿಬಿದ್ದವನು ತಮ್ಮ ವೀರ. ಇಂದು ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ತಂಗಿ ಅಣ್ಣನನ್ನು ಮಂಚ ಹತ್ತಿಸಿದಳು. "ಬೇಗ ಬಿಡಿಸೇ, ಹಸಿವಾಗ್ತಿದೆ" ಎಂದು ಅವನು ಕೂಗುತ್ತಿದ್ದಾನೆ. ಟಿ.ವಿ. ಮುಂದೆ ಕೂತು ಹೊಂಡ ದಾಟಿದ ಸಂಭ್ರಮದಲ್ಲಿರುವ ತೇಜಸ್ವಿನಿಗೂ ಮೌನೇಶನಿಗೂ ಕೇಳಿಸುತ್ತಿಲ್ಲ. ತಮ್ಮ ವೀರನಿಗೂ ಬಿಡುವಿದ್ದರೆ ಕಳುಹಿಸಿ, ಮಂಚದಲ್ಲಿ ಇನ್ನೊಬ್ಬರಿಗೆ ಜಾಗವಿದೆ.