ರಾಜಕುಮಾರಿಗೆ ನಾನು ಕಟ್ಟಿದ ಕಾಗದದ ಪರದೆ

ಕಾಗದದ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿರಲಿಲ್ಲ. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಹಾಳೆ ತಪಾಸಣೆ ಮಾಡಿದವನು ನಾನು. ಬೆರಳು ತಾಗಿಸಿದರೆ ಸಾಕು, ಹಾಳೆಯ ಜಾತಕ ಹೇಳುತ್ತಿದ್ದೆ. ಆದ್ದರಿಂದ ನಮ್ಮ ಕಾಲನಿಯ ಹಾಲ್‌ನಲ್ಲಿ ಗೊಂಬೆಚಿತ್ರಗಳ ಸಿನಿಮಾ ತೋರಿಸುವುದೆಂದು ನಿಶ್ಚಯವಾದಾಗ ಪರದೆಯ ಜವಾಬ್ದಾರಿಯನ್ನು ವಹಿಸಿಕೊಂಡೆ. ಯಾರೂ ವಹಿಸಿರಲಿಲ್ಲ!

ಅದಕ್ಕೊಂದು ಕಾರಣವಿತ್ತು. ಎಂಟು ವರ್ಷದ ನನ್ನ ಮಗಳು ಸುಮಾ ಟೈಫಾಯ್ಡ್‌ನಿಂದ ಎರಡು ತಿಂಗಳು ಮಲಗಿ ಆಗಷ್ಟೇ ಎದ್ದಿದ್ದಳು. ಜ್ವರ ಏರಿದಾಗಲೆಲ್ಲ "ಅಪ್ಪಾ, ನಾ ಸಾಯ್ತೇನೇನು?" ಎಂದು ಕೇಳುತ್ತಿದ್ದಳು. ನಾನು ಹೆದರಿ ಬೇರೆ ಮಾತು ತೆಗೆಯುತ್ತಿದ್ದೆ. ಈ ಸಿನಿಮಾದ ಕತೆಯನ್ನು ಗೆಳತಿಯೊಬ್ಬಳು ಅವಳಿಗೆ ಅರ್ಧ ಹೇಳಿದ್ದಳು. ಮಾಟಗಾತಿ ರಾಜಕುಮಾರಿಯ ಉಸಿರನ್ನು ಸೀಸೆಯಲ್ಲಿ ತುಂಬಿಕೊಂಡು ಹೋಗುತ್ತಾಳೆ, ರಾಜಕುಮಾರಿ ಹೂದೋಟದಲ್ಲಿ ಬಿದ್ದುಬಿಡುತ್ತಾಳೆ. ಮುಂದೆ? ಅದನ್ನು ಕಣ್ಣಾರೆ ನೋಡಲೇಬೇಕೆಂದು ಸುಮಾ ಹಟ ಹಿಡಿದಿದ್ದಳು. ನಾನು ಮಾತು ಕೊಟ್ಟಿದ್ದೆ.

"ಒಂದು ಬಿಳೇ ಧೋತರ ಕಟ್ಟಿದ್ರ ಆತಲ್ರೀ," ಎಂದಳು ಹೆಂಡತಿ ಶಾಂತಾ.

"ಕಾಗದ ಮಾಡೋ ಊರಾಗ ಧೋತರದ ಮ್ಯಾಲೆ ಸಿನಿಮಾ? ಮಂದಿ ಏನಂದಾರು!" ಎಂದೆ.

ಸಾಹೇಬರ ಒಪ್ಪಿಗೆ ಪಡೆದು, ಯಂತ್ರದಿಂದ ಬಂದ ಅಗಲ ಹಾಳೆಯನ್ನು ಒಂದೇ ತುಂಡಾಗಿ ತಂದೆ. ಕಾರ್ಖಾನೆಯ ಬಿದಿರಿನ ಯಾರ್ಡಿನಲ್ಲಿ ಕೆಲಸ ಮಾಡುತ್ತಿದ್ದ ನೆರೆಮನೆಯ ಇನಾಸ್ ಸಿದ್ದಿ ಚೌಕಟ್ಟು ಕಟ್ಟಿಕೊಟ್ಟ. ನಾನು ಹಾಳೆಯ ಸುತ್ತಲೂ ಮೊಳೆ ಹೊಡೆಯುವುದನ್ನು ನೋಡಿ ಅವನು ತಡೆದ. "ಮೊಳಿ ಬ್ಯಾಡ್ರೀ. ಮ್ಯಾಲೆ ಅಷ್ಟ ಕಟ್ಟಿ ಇಳಿಬಿಡ್ರಿ. ಅದಕ್ಕೂ ಆಡಾಕ ಜಾಗಾ ಬೇಕಲ್ರೀ."

ಬಿದಿರು ಬಲ್ಲವನಿಗೆ ಕಾಗದವೇನು ತಿಳಿದೀತೆಂದು ನಾನು ಗಂಭೀರವಾಗಿ ನಕ್ಕೆ.

ಶ್ರಾವಣದ ಭಾನುವಾರ ಮಧ್ಯಾಹ್ನ. ಕಿಟಕಿಗಳಿಗೆ ಹಳೆಯ ಕಂಬಳಿ ಹೊದಿಸಿ ಕತ್ತಲೆ ಮಾಡಿದೆವು. ಹಿಂದಿನ ದಿನವಷ್ಟೇ ಸೂಪಾದಲ್ಲಿ ಅಣೆಕಟ್ಟು ಕಟ್ಟುವವರ ಕಾಲನಿಗೆ ಇದೇ ಚಿತ್ರ ತೋರಿಸಿ ಬಂದಿದ್ದ ಪ್ರೊಜೆಕ್ಟರಿನವನು ಗಡಿಯಾರ ನೋಡುತ್ತಲೇ ಇದ್ದ. ಐದರ ಬಸ್ಸಿಗೆ ರೀಲುಗಳು ಹುಬ್ಬಳ್ಳಿಗೆ ಮರಳಬೇಕಿತ್ತು.

ಮೊದಲ ರೀಲು ನಿರ್ವಿಘ್ನವಾಗಿ ಮುಗಿಯಿತು. ಎರಡನೆಯದರ ಹೊತ್ತಿಗೆ ಹೊರಗಿನ ಮಳೆಯ ತೇವ, ಒಳಗಿನ ಜನರ ಉಸಿರು ಎರಡೂ ಸೇರಿ ಹಾಳೆ ಜೋತುಬಿದ್ದಿತು. ರಾಜಕುಮಾರಿಯ ಕೆನ್ನೆ ಹಲಸಿನ ಹಣ್ಣಿನಂತೆ ಉಬ್ಬಿತು. ರಾಜನಿಗೆ ಎರಡು ಗದ್ದ ಬಂದವು! ಮಕ್ಕಳು ನಕ್ಕರು. ನಾನು ನಗಲಿಲ್ಲ. ತೇವದ ಕಾಗದಕ್ಕೆ ಶಾಖ ಕೊಟ್ಟರೆ ಬಿಗಿಯುತ್ತದೆ, ಇದು ಕಾರ್ಖಾನೆಯಲ್ಲಿ ದಿನವೂ ನಡೆಯುವ ಕ್ರಿಯೆ. ಮನೆಗೆ ಓಡಿ, ಉರಿಯುವ ಇದ್ದಿಲಿನ ಶೆಗಡಿ ತಂದು ಪರದೆಯ ಹಿಂದಿಟ್ಟೆ.

"ಬೆಂಕಿ ಒಂದ ಬಾಕಿ ಇತ್ತು ನೋಡ್ರಿ!" ಎಂದಳು ಶಾಂತಾ.

ಆದರೆ ಹಾಳೆ ಬಿಗಿಯಿತು! ರಾಜನ ಹೆಚ್ಚುವರಿ ಗದ್ದ ಮಾಯವಾಯಿತು. ಚಪ್ಪಾಳೆ ಬಿತ್ತು. ನಾನು ಎದ್ದು ನಿಂತು ಕೈಮುಗಿದೆ. ಆಗಲೇ ಶೆಗಡಿ ತೆಗೆಯಬೇಕಿತ್ತು. ಕೈಮುಗಿಯುವುದರಲ್ಲಿ ಮರೆತೆ.

ಕೊನೆಯ ರೀಲು. ರಾಜಕುಮಾರಿ ಹೂಗಳ ನಡುವೆ ಬಿದ್ದಿದ್ದಳು. ಅವಳು ಸಾಕಿದ ಬಾತು ಸೀಸೆ ಹುಡುಕುತ್ತ ಹೊರಟಿತ್ತು. ಆಗ ಪಟಾರ್! ಹಾಳೆ ಮೇಲಿನ ಮೊಳೆಯಿಂದ ಕೆಳಗಿನವರೆಗೂ ಸೀಳಿತು. ಕಾರ್ಖಾನೆಯ ಯಂತ್ರದಲ್ಲಿ ಕಾಗದ ಕುಗ್ಗಿದರೂ ಸರಿಯಲು ಅದಕ್ಕೆ ಜಾಗವಿರುತ್ತದೆ. ನನ್ನ ಮೊಳೆಗಳು ಕೊಟ್ಟಿರಲಿಲ್ಲ. ಇನಾಸ್ ಮೊದಲು ಮೊಳೆಗಳತ್ತ, ಆಮೇಲೆ ನನ್ನತ್ತ ನೋಡಿದ. ಬೈದಿದ್ದರೇ ವಾಸಿಯಿತ್ತು. ಹಾಳೆಯ ಎರಡು ಭಾಗಗಳೂ ಆಚೀಚೆ ಸುರುಳಿ ಸುತ್ತಿಕೊಂಡವು. ನಡುವೆ, ಮಳೆಯ ತೇವ ತಡೆಯಲೆಂದು ಡಾಂಬರು ಬಳಿದ ಗೋಡೆ ಕಾಣಿಸಿತು. ಅದರ ಕಪ್ಪಿನಲ್ಲಿ ರಾಜಕುಮಾರಿ ಮುಳುಗಿಹೋದಳು.

"ಮಷೀನ್ ನಿಲ್ಲಸ್ರೀ!" ಎಂದು ಕೂಗಿದೆ.

"ನಿಲ್ಲಿಸಿದ್ರ ಬಸ್ ತಪ್ಪತೈತ್ರಿ. ನೋಡೂದಿದ್ರ ಈಗ ನೋಡ್ರಿ!" ಎಂದ ಪ್ರೊಜೆಕ್ಟರಿನವನು.

ಸುಮಾ ಬೆಂಚಿನ ಮೇಲೆ ಎದ್ದು ನಿಂತಿದ್ದಳು. "ಅಪ್ಪಾ, ಆಕಿ ಏಳ್ತಾಳೋ ಇಲ್ಲೋ?"

ಅದು ಜ್ವರದ ದಿನಗಳ ದನಿ. ಹಿಂದೆಮುಂದೆ ನೋಡದೆ ವೇದಿಕೆಗೆ ಹಾರಿ, ಸೀಳಿನ ನಡುವೆ ನಿಂತು, ಎರಡೂ ಅಂಚುಗಳನ್ನು ಎರಡು ಕೈಯಲ್ಲಿ ಹಿಡಿದೆ. ದೇವರ ದಯೆಯಿಂದ ಬಿಳಿ ಅಂಗಿ ತೊಟ್ಟಿದ್ದೆ. ಇನ್ನು ಮುಂದಿನ ಕತೆಯೆಲ್ಲ ನನ್ನ ಮೈಮೇಲೆಯೇ ನಡೆಯಿತು! ಎದುರಿನ ಬೆಳಕು ಕಣ್ಣು ಕುಕ್ಕುತ್ತಿತ್ತು, ಹಿಂದಿನ ಶೆಗಡಿ ನನ್ನನ್ನೂ ಒಣಗಿಸುತ್ತಿತ್ತು. ಇಡೀ ಹಾಲ್‌ನಲ್ಲಿ ಸಿನಿಮಾ ಕಾಣದವನು ನಾನೊಬ್ಬನೇ. ಬಾತು ಕೂಗಿದ್ದು ಕೇಳಿಸಿತು. ಗಾಜು ಒಡೆದದ್ದು ಕೇಳಿಸಿತು. ಆಮೇಲೆ ಮಕ್ಕಳ ಕೇಕೆ.

ಮನೆಯ ಮೆಟ್ಟಿಲು ಹತ್ತುವಾಗ ಸುಮಾಳನ್ನು ಮೆಲ್ಲಗೆ ಕೇಳಿದೆ. "ಎದ್ಲೇನವ್ವಾ ಆಕಿ?"

"ಎದ್ಲು. ಅದು ನನಗ ಮೊದಲ ಗೊತ್ತಿತ್ತು."

"ಹೆಂಗ?"

"ನಿನ್ನ ಹೊಟ್ಟಿ ಮ್ಯಾಲೆ ಮಲಗಿದ್ಲಲ್ಲ, ಮ್ಯಾಲೆ ಕೆಳಗ ಆಗ್ತಿದ್ಲು. ಆಕಿ ಸತ್ತಿದ್ದಿಲ್ಲಪ್ಪಾ, ಉಸುರಾಡ್ತಿದ್ಲು. ನನಗ ಅಂಜಿಕಿನ ಬರಲಿಲ್ಲ."

ನನ್ನ ಕಣ್ಣು ತುಂಬಿ ಬಂತು. ಎರಡು ತಿಂಗಳು ನಾನು ಹೇಳಲಾರದೆ ಹೋದ ಧೈರ್ಯವನ್ನು ನನ್ನ ಏದುಸಿರು ಹೇಳಿತ್ತು. ತಂದೆಯಾಗಿ ನಾನು ತಕ್ಕಮಟ್ಟಿಗೆ ಗೆದ್ದೆನೆಂದು ಎದೆಯುಬ್ಬಿಸಿ ಶಾಂತಾಳತ್ತ ತಿರುಗಿದೆ.

"ಆಕಿಗೆ ರಾಜಕುಮಾರಿ ಕಂಡ್ಲು ಬಿಡ್ರಿ," ಎಂದಳು ಅವಳು. "ಉಳಿದ ಕಾಲನಿಗೆಲ್ಲ ನಿಮ್ಮ ಹೊಟ್ಟೀನ ಕಂಡಿದ್ದು!"

ಹೊಟ್ಟೆಯನ್ನು ತಕ್ಷಣ ಒಳಗೆಳೆದುಕೊಂಡೆ. ತಡವಾಗಿತ್ತು.